ಗುರುಕಾರಣರ ಬ್ರಾಂದಿಗೆ ಕಿತ್ತಳೆ ಹಿಂಡಿದ್ದು

ನನ್ನ ಗಂಡನಿಗೆ ಬ್ರಾಂದಿ ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸವಿತ್ತು. ಬ್ರಾಂದಿ ಕೆಡುವ ವಸ್ತುವಲ್ಲ ಎಂದು ಊರಿಗೆಲ್ಲ ಗೊತ್ತು. ಆದರೂ ಆ ಪುಣ್ಯಾತ್ಮರು ಮೂರು ಸಂಜೆ ಬಿಡದೆ ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಪಾಟು ತೆಗೆದಾಗ ಬಾಟಲಿಯ ತಳದಲ್ಲಿ ನಾಲ್ಕು ಬೆರಳಿನಷ್ಟು ಮಾತ್ರ ಉಳಿದಿತ್ತು.

ಅದು ಗುರುಕಾರಣರ ಬಾಟಲಿ. ಗುರುಕಾರಣರೆಂದರೆ ಮನೆಯ ತೀರಿಹೋದ ಹಿರಿಯರು; ನಮ್ಮಲ್ಲಿ ಅವರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ಕೋಳಿ ಸಾರು, ಅಕ್ಕಿ ರೊಟ್ಟಿ, ಜೊತೆಗೆ ಬ್ರಾಂದಿ. ಬದುಕಿದ್ದಾಗ ಕುಡಿದವರು ಸತ್ತ ಮೇಲೆ ಬಿಡುತ್ತಾರೆಯೇ? ಅವರಿಗೆ ಬಾಳೆಲೆಯ ಮೇಲೆ ನಾಲ್ಕು ಹನಿ, ಉಳಿದದ್ದು ಬದುಕಿರುವ ಹಿರಿಯರಿಗೆ ಪ್ರಸಾದ. ಆ ದಿನ ಮಧ್ಯಾಹ್ನ ಅಂಥವರು ಎಂಟು ಜನ ಬರುವವರಿದ್ದರು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ರಾಜ್ಯವೇನೋ ಇತ್ತು, ನಾಪೋಕ್ಲಿನ ನಮ್ಮ ಕಡೆಗೆ ಬಸ್ಸು ಮಾತ್ರ ಒಂದೇ. ಅದು ವಿರಾಜಪೇಟೆಗೆ ಹೊರಟು ಆಗಲೇ ಗಂಟೆಯಾಗಿತ್ತು.

ನನಗೆ ಅಳುವೇ ಬಂತು. ಮದುವೆಯಾಗಿ ಎಂಟು ತಿಂಗಳಾದರೂ ಬಿಟ್ಟಂಗಾಲದ ತವರಿಗೆ ಹೋಗಿ ಒಂದು ರಾತ್ರಿಗಿಂತ ಹೆಚ್ಚು ಇದ್ದಿರಲಿಲ್ಲ. "ಎಡೆ ಚೆಂದಲಿ ಮುಗೀಲಿ ಗೂಡೆ, ಹದಿನೈದು ದಿನ ಹೋಗಿ ಇದ್ದು ಬಾ" ಎಂದು ಅತ್ತೆ ಮಾತು ಕೊಟ್ಟಿದ್ದರು. ಸೊಸೆಯಾದರೂ ಅವರಿಗೆ ನಾನು ಗೂಡೆ, ಅಂದರೆ ಹುಡುಗಿ. ಬಾಟಲಿ ಜೋಪಾನ ಮಾಡುವ ಕೆಲಸವನ್ನೂ ನನಗೇ ಒಪ್ಪಿಸಿದ್ದರು. ಎಡೆ ಕೆಟ್ಟರೆ ತವರಿನ ಆಸೆ ಬಿಡಬೇಕಿತ್ತು.

ಗಂಡನನ್ನು ಹಿತ್ತಲಿಗೆ ಕರೆದು ಚೆನ್ನಾಗಿ ಬೈದೆ. ಅವರು ತಲೆ ಕೆರೆದುಕೊಂಡು, "ಕ್ಲಬ್ಬಲ್ಲಿ ಬಿಳಿ ದೊರೆಗಳು ಹಣ್ಣಿನ ರಸ ಸೇರ್ಸಿ ಕುಡೀತಾರಂತೆ. ನೀನೂ ಎಂಥಾದ್ರು ಸೇರ್ಸು" ಎಂದು ಉಪದೇಶ ಮಾಡಿ ತೋಟದ ಕಡೆ ಪರಾರಿಯಾದರು.

ಕಿತ್ತಳೆಯ ಕಾಲ. ಹತ್ತು ಹಣ್ಣು ಹಿಂಡಿ ಬ್ರಾಂದಿಗೆ ಸುರಿದೆ. ಬಾಟಲಿ ತುಂಬಿತು, ಆದರೆ ಬಣ್ಣ ಅರಿಸಿನದ ನೀರಿನಂತಾಯಿತು. ಬಣ್ಣ ಗಾಢವಾಗಲೆಂದು ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯನ್ನು ಒಂದು ಚಮಚ ಹಾಕಿದೆ. ಕೊಡಗಿನವರ ಬುದ್ಧಿಯೇ ಇಷ್ಟು, ಏನು ಕೈಕೊಟ್ಟರೂ ಕಾಚಂಪುಳಿ ನೆನಪಾಗುತ್ತದೆ. ಬಣ್ಣ ಬಂತು. ನಾಲಿಗೆಗೆ ಹಚ್ಚಿದರೆ ಕಿವಿಯವರೆಗೆ ಹುಳಿ! ಹುಳಿಗೆ ಬೆಲ್ಲದ ಪಾಕ ಸುರಿದೆ, ಪಾಯಸವಾಯಿತು. ಪಾಯಸಕ್ಕೆ ಶುಂಠಿ ಜಜ್ಜಿ ಹಿಂಡಿದೆ, ಸಾಲದೆಂದು ಕರಿಮೆಣಸು ಕುಟ್ಟಿ ಹಾಕಿದೆ, ಕೆಮ್ಮು ಹತ್ತಿತು. ಮತ್ತೆ ಕಿತ್ತಳೆ. ಹೀಗೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದುತ್ತ ಬಾಟಲಿಯಿಂದ ಚೆಂಬಿಗೆ, ಚೆಂಬಿನಿಂದ ಹಿತ್ತಾಳೆಯ ಪಾತ್ರೆಗೆ ಬಂದೆ. ಬಟ್ಟೆಯಲ್ಲಿ ಸೋಸಿದಾಗ ಮೂರು ಬಾಟಲಿಯಾಯಿತು.

ಎಡೆಗೆ ದೀಪ ಹಚ್ಚಿದ್ದು ಮಾವನವರ ಅಣ್ಣ, ಮನೆತನದ ಯಜಮಾನರಾದ ದೊಡ್ಡ ಮಾವ. ಹಿರಿಯರಿಗೆ ನಾಲ್ಕು ಹನಿ ಬಿಟ್ಟು, ಕೈಮುಗಿದು, ತಮ್ಮ ಲೋಟವನ್ನು ಒಂದೇ ಗುಟುಕಿಗೆ ಇಳಿಸಿ ಕಣ್ಣು ಮುಚ್ಚಿದರು. ಬಾಗಿಲ ಹಿಂದೆ ನಿಂತು ನಾನು ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ.

"ಇದು ಎಲ್ಲಿಂದ ತಂದದ್ದು?" ಎಂದರು ಕಣ್ಣು ತೆರೆದು.

"ವಿರಾಜಪೇಟೆಂದ ಭಾವ. ಒಳ್ಳೆ ಅಂಗಡೀದೇ" ಎಂದರು ಏನೂ ಅರಿಯದ ಅತ್ತೆ.

ದೊಡ್ಡ ಮಾವ ಲೋಟ ಮುಂದೆ ಚಾಚಿದರು. "ಇನ್ನೊಂಚೂರು ಹಾಕು. ಇಷ್ಟು ವರ್ಷ ನಮ್ಗೆ ಎಂಥ ಕುಡ್ಸಿದ್ದು ನೀವು?"

ಎಂಟು ಜನ ಸೇರಿ ಮೂರೂ ಬಾಟಲಿ ಮುಗಿಸಿದರು. ಮುಂದಿನ ವಾರ ತಮ್ಮ ಮಗಳ ನಿಶ್ಚಿತಾರ್ಥಕ್ಕೂ ಇದೇ ಬೇಕು, ಆರು ಬಾಟಲಿ ತರಿಸಿಡಿ ಎಂದು ದೊಡ್ಡ ಮಾವ ಅಪ್ಪಣೆ ಮಾಡಿಯೇ ಹೊರಟರು.

ಅತ್ತೆ ಅಡುಗೆಮನೆಗೆ ಬಂದು ಕಿತ್ತಳೆ ಸಿಪ್ಪೆಯ ರಾಶಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಎಲ್ಲ ಹೇಳಿಬಿಟ್ಟೆ. "ಗುರುಕಾರಣರಿಗೆ ಪಾನಕ ಕುಡ್ಸಿದೆಯಲ್ಲಾ ಗೂಡೆ!" ಎಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕು ನಕ್ಕು ನೆಲದ ಮೇಲೆ ಕೂತರು. ನಗು ನಿಂತ ಮೇಲೆ ಕೇಳಿದರು: "ನಾನು ಅಂಗಡೀದು ಅಂದ್ಬಿಟ್ಟೆ. ನೀನು ತವರಿಗೆ ಹೋದ್ರೆ ಆರು ಬಾಟ್ಲಿ ಮಾಡುದು ಯಾರು?"

"ನಿಮಗೆ ಕಲಿಸಿಕೊಟ್ಟೇ ಹೋಗ್ತೇನೆ ಅತ್ತೆ" ಎಂದೆ.

ಗಂಡ ವಿರಾಜಪೇಟೆಗೆ ಹೋಗಿ ಹೊಸ ಬ್ರಾಂದಿ ತಂದು, "ಇದು ಕೆಟ್ಟಿಲ್ಲ" ಎಂದು ನನ್ನ ಕೈಗಿತ್ತರು. ಪಾಠ ಶುರುವಾಯಿತು. ಮೊದಲ ದಿನ ಅತ್ತೆ ಕಾಚಂಪುಳಿ ಸುರಿದುಬಿಟ್ಟರು. ಎರಡನೆಯ ದಿನ ಬೆಲ್ಲದ ಪಾಕ ಸೀಯಿಸಿದರು. ಮೂರನೆಯ ದಿನ ಶುಂಠಿಯನ್ನೇ ಮರೆತರು. "ವಯಸ್ಸಾತಲ್ಲ, ತಲೆಗೆ ಹತ್ತುದಿಲ್ಲೆ" ಎನ್ನುತ್ತಿದ್ದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ನಾಲ್ಕನೆಯ ದಿನ ಅವರು ನನ್ನ ಮುಖ ನೋಡಿ ಹರಟುತ್ತಲೇ ಹಂದಿ ಸಾರಿಗೆ ಉಪ್ಪು ಹಾಕಿದರು. ಪಾತ್ರೆಯ ಕಡೆ ನೋಡಲೂ ಇಲ್ಲ. ರುಚಿ ನೋಡಿದೆ, ಉಪ್ಪು ಸರಿಯಾಗಿತ್ತು, ಕಾಚಂಪುಳಿಯೂ ಸರಿಯಾಗಿತ್ತು. ಈ ಕೈಗೆ ಒಂದು ಚಮಚದ ಲೆಕ್ಕ ತಿಳಿಯದೆ? ಸೌಟು ಕೆಳಗಿಟ್ಟು ಕೇಳಿಯೇಬಿಟ್ಟೆ.

"ನಾನು ಹೋಗುದು ನಿಮಗೆ ಇಷ್ಟ ಇಲ್ಲೆಯಾ ಅತ್ತೆ?"

ಅವರು ಒಲೆಯ ಕಡೆ ತಿರುಗಿ ಬೆಂಕಿ ಕೆದಕಿದರು. "ಹೋಗು. ಹಿಡ್ಕೊಂಡವರು ಯಾರು? ಎಂಟು ದಿನಕ್ಕೆ ಬಂದ್ಬಿಡು."

ಆ ಸಂಜೆ ನನ್ನನ್ನು ಒಂದು ಮಾತೂ ಕೇಳದೆ ಒಬ್ಬರೇ ಆರು ಬಾಟಲಿ ಮಾಡಿದರು. ನನ್ನದಕ್ಕಿಂತ ಚೆನ್ನಾಗಿತ್ತು. ಹದಿನೈದು ದಿನ ಎಂಟಾದದ್ದಕ್ಕೆ ನಾನು ಜಗಳ ತೆಗೆಯಲಿಲ್ಲ.