ಊರ ಬಲೆಯ ಹತ್ತು ಗುಂಡು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಬಲೆಯಲ್ಲಿ ಸಿಕ್ಕ ಆಮೆಯನ್ನು ಬಿಡಿಸಲು ಹೋದಾಗ ಅದು ಮೇಲಿನ ಗೆಣ್ಣನ್ನು ಕಚ್ಚಿಕೊಂಡು ಹೋಯಿತಂತೆ. ಉಳಿದ ಮೋಟು ಹುಣಸೆ ಬೀಜದ ಹಾಗೆ ಕಪ್ಪಗೆ, ನುಣ್ಣಗೆ ಇತ್ತು. ಅದರಿಂದಲೇ ಆಕೆ ಮೀನಿನ ಕಿವಿರು ಕೀಳುತ್ತಿದ್ದಳು, ನೂಲಿನ ಗಂಟು ಒತ್ತುತ್ತಿದ್ದಳು, ನನ್ನ ಕಡೆ ತೋರಿಸಿ ಬೈಯುತ್ತಿದ್ದಳು. ಬೈಗುಳ ಮುಗಿದರೂ ಆ ಮೋಟು ಸ್ವಲ್ಪ ಹೊತ್ತು ಗಾಳಿಯಲ್ಲೇ ಇರುತ್ತಿತ್ತು.

ನಾನು ಹುಟ್ಟಿದ್ದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಮ್ಮದೂ ಬೆಸ್ತರ ಮನೆತನವೇ. ಆದರೆ ನಮ್ಮಪ್ಪ ಬಲೆ ಬಿಟ್ಟು ಬೆಲ್ಲದ ಗಾಣದಲ್ಲಿ ದುಡಿಯಲು ಹೋಗಿ ಎಷ್ಟೋ ಕಾಲವಾಗಿತ್ತು. ನನಗೆ ಈಜು ಬರುತ್ತಿರಲಿಲ್ಲ, ಬಲೆ ಹೆಣೆಯಲು ಬರುತ್ತಿರಲಿಲ್ಲ. ಮದುವೆಯಾದಾಗ ಹದಿನಾಲ್ಕೋ ಹದಿನೈದೋ ವರ್ಷ. ಆಗ ನಮ್ಮದು ಮದ್ರಾಸ್ ಸರ್ಕಾರ. ದಸರೆ ಕಳೆದು ಹೊಳೆ ಇಳಿದ ಮೇಲೆ ಗಾಡಿಯಲ್ಲಿ ಕಂಪ್ಲಿಗೆ ಬಂದು, ಅಲ್ಲಿಂದ ಹೊಳೆಗುಂಟ ನಡೆದು ಗಂಡನ ಊರು ಸೇರಿದೆ. ನೋಡಿದರೆ ಒಂದು ದಿಬ್ಬ, ಅದರ ಮೇಲೆ ಹನ್ನೆರಡು ಗುಡಿಸಲು, ಬೋರಲು ಹಾಕಿದ ನಾಲ್ಕು ಹರಗೋಲು. ಹರಗೋಲಿಗೆ ಹೊದಿಸಿದ ತೊಗಲು ಬಿಸಿಲಿಗೆ ನಾರುತ್ತಿತ್ತು.

"ಊರು ಎಲ್ಲೈತ್ರಿ?" ಎಂದು ಕೇಳಿಬಿಟ್ಟೆ.

ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಹೊಳೆಯ ಕಡೆ ಮೋಟು ಬೆರಳು ಚಾಚಿದಳು. "ಊರು ನೀರಾಗೈತಿ. ಇದು ಬರೀ ನಮ್ಮ ಅಡಿಗಿ ಮನಿ. ಒಣ ಭೂಮಿ ಹೆಣ್ಣು ತಂದ್ವಿ, ಇದಕ್ಕ ನೀರು ತೋರ್ಸಾಕ ಒಂದು ವರ್ಷ ಹೋತು ತಗಾ" ಎಂದಳು.

ಆ ಒಣ ಭೂಮಿ ಎಂಬ ಮಾತು ನನಗೆ ನಾಟಿತು. ದಿನಕ್ಕೆ ಹತ್ತು ಸಲ ಅಂದರೆ ಯಾರಿಗಾದರೂ ನಾಟುತ್ತದೆ.

ಆಕೆ ಕೆಟ್ಟವಳಲ್ಲ. ಹಾಗಂತ ಮೆತ್ತನೆಯವಳೂ ಅಲ್ಲ. ಬೆಳಿಗ್ಗೆ ಎದ್ದವಳೇ ಹೊಳೆಗೆ ಇಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಚಪ್ಪರಿಸಿ, ಉಗುಳುತ್ತಿದ್ದಳು. "ಮ್ಯಾಲೆ ಮಲೆನಾಡಾಗ ಮಳಿ ಆಗೇತಿ, ನಾಡದು ನೀರು ಏರತೈತಿ" ಎನ್ನುವಳು. ಏರುತ್ತಿತ್ತು. ನೀರು ಕೆಂಪಗಿದ್ದರೆ "ಇದು ಸಂಡೂರ ಗುಡ್ಡದ ಹಳ್ಳದ್ದು, ಇದರಾಗ ಮೀನು ಕಣ್ಣು ಬಿಡಂಗಿಲ್ಲ" ಎಂದು ಗಂಡಸರನ್ನು ಮನೆಯಲ್ಲೇ ಕೂರಿಸುವಳು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದ. ದಿಬ್ಬದ ಮೇಲಿನ ಗಂಡಸರೆಲ್ಲ ಈಕೆಯ ಮಾತು ಕೇಳಿಯೇ ನೀರಿಗೆ ಇಳಿಯುತ್ತಿದ್ದರು.

ಕಂಪ್ಲಿಗೆ ಬುಟ್ಟಿ ಹೊತ್ತು ಮೀನು ಮಾರಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ದಾರಿಯಲ್ಲಿ ಒಂದು ಅಂಗಡಿಯವನ ಹೆಂಡತಿ ಮೂಗಿಗೆ ಸೆರಗು ಹಿಡಿದು, "ದೂರ ಹೋಗ ಮಾರಾಯ್ತಿ, ನಾರ್ತೀಯಲ್ಲ" ಎಂದಳು.

"ನಾನು ನಾರಿದ್ರ ನಿನ್ನ ಗಂಡ ದಿನಾ ಹಿಂದಿನ ಬಾಗಿಲಿಂದ ಬಂದು ಮುರುಗೋಡು ಮೀನು ಐತೇನು ಅಂತ ಯಾಕ ಕೇಳ್ತಾನವ್ವ?" ಎಂದು ಅತ್ತೆ ನಿಲ್ಲದೆ ನಡೆದಳು. ಆ ಹೆಂಗಸಿನ ಸೆರಗು ಮೂಗಿನಿಂದ ಜಾರಿದ್ದು ಈಗಲೂ ಕಣ್ಣ ಮುಂದಿದೆ.

ಇನ್ನು ಬಲೆಯ ವಿಷಯ. ಎಲ್ಲ ಗುಡಿಸಲಲ್ಲೂ ಬೀಸುವ ಸಣ್ಣ ಬಲೆಗಳಿದ್ದವು. ದೊಡ್ಡ ಬಲೆ ಮಾತ್ರ ಒಂದೇ. ಅದು ಊರ ಬಲೆ, ನಮ್ಮ ಮನೆಯಲ್ಲಿ ಇರುತ್ತಿತ್ತು, ಏಕೆಂದರೆ ಉಳಿದವರೆಲ್ಲ ಹಿಂದೆ ನಮ್ಮ ಮನೆಯಿಂದಲೇ ಒಡೆದು ಹೋದವರು. ಬಲೆ ನೀರಿನಲ್ಲಿ ಮುಳುಗಿ ನಿಲ್ಲಲು ಕೆಳ ಅಂಚಿಗೆ ಸುಟ್ಟ ಮಣ್ಣಿನ ಗುಂಡುಗಳನ್ನು ಕಟ್ಟುತ್ತಾರೆ. ನಾನು ಬಂದ ಮೂರನೇ ದಿನ ಅತ್ತೆ ಹೊಳೆ ದಂಡೆಯ ಜೇಡಿಮಣ್ಣು ತಂದು ನನ್ನ ಕೈಗಿಟ್ಟು, "ಉಂಡಿ ಮಾಡು, ನಡುವ ಹೆಬ್ಬಟ್ಟು ಒತ್ತು" ಎಂದಳು. ಒತ್ತಿದೆ. ಜೊಂಡಿನ ಕಡ್ಡಿಯಿಂದ ತೂತು ಮಾಡಿ ಒಲೆಯಲ್ಲಿ ಸುಟ್ಟು, ಬಲೆಗೆ ಕಟ್ಟಿದಳು. ಅರಿಶಿನ ಕುಂಕುಮದ ಹಾಗೆ ಇದೂ ಒಂದು ಶಾಸ್ತ್ರ ಇರಬೇಕು ಎಂದುಕೊಂಡು ನಾನು ಮರೆತೆ.

ಬೇಸಿಗೆಯಲ್ಲಿ ತಕರಾರು ಹುಟ್ಟಿತು. ದಿಬ್ಬದ ಹಿಂದೆ ಕಬ್ಬಿನ ತೋಟವಿದ್ದ ಧಣಿ, ದಿಬ್ಬವೂ ತನ್ನದೇ ಎಂದು ಸರ್ಕಾರಕ್ಕೆ ಅರ್ಜಿ ಕೊಟ್ಟ. ಈ ಬೆಸ್ತರು ತನ್ನ ಅಪ್ಪನ ಕಾಲದಲ್ಲಿ ಜನರನ್ನು ಹೊಳೆ ದಾಟಿಸಲು ಬಂದು ಕುಳಿತವರು, ಅದಕ್ಕೂ ಹಿಂದೆ ಇಲ್ಲಿ ಯಾರೂ ಇರಲಿಲ್ಲ ಎಂದು ಬರೆಸಿದ್ದ. ಸಾಹೇಬರೊಬ್ಬರು ಜಾಗ ನೋಡಿ ವಿಚಾರಿಸಲು ಬರುತ್ತಾರೆ ಎಂದು ಸುದ್ದಿ ಬಂತು. ನಾವು ಹಳಬರು ಎಂದು ತೋರಿಸಿದರೆ ಇರಬಹುದು, ಇಲ್ಲವಾದರೆ ಏಳಬೇಕು. ನಮ್ಮ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ಗಂಡಸರು ಗೋಳಾಡಿದರು. ಅತ್ತೆ ಮಾತ್ರ, "ಬರ್ಲಿ, ನಾನು ತೋರಸ್ತೀನಿ" ಎಂದಳು. ಸಾಹೇಬರು ಬರುವ ಹಿಂದಿನ ದಿನ ಮೀನು ಮಾರಲು ಹೊರಟವಳು ನನಗೆ ಹೇಳಿದಳು: "ಏ ಹುಡುಗಿ, ಊರ ಬಲಿ ತೆಗೆದು ಚೊಲೊ ಮಾಡಿ ಇಡು. ನಾಳೆ ಸಾಹೇಬ್ರ ಮುಂದ ಹಾಸಬೇಕು."

ಇಷ್ಟೇ ಹೇಳಿದ್ದು.

ನಾನು ಬಲೆ ಬಿಚ್ಚಿದೆ. ಹರಿದ ಕಡೆ ಗಂಟು ಹಾಕಿದೆ, ಅಷ್ಟರಲ್ಲಿ ಅದನ್ನು ಕಲಿತಿದ್ದೆ. ಕೆಳ ಅಂಚಿನ ಎರಡೂ ಕಡೆ ಬರೀ ಹೊಳೆಗಲ್ಲು ಕಟ್ಟಿತ್ತು, ನಡುವೆ ಹತ್ತು ಗುಂಡುಗಳಿದ್ದವು. ಸವೆದು, ಮುಕ್ಕಾಗಿ, ಪಾಚಿ ಹಿಡಿದು ಅಸಹ್ಯವಾಗಿದ್ದವು. ಹನ್ನೊಂದನೆಯದು ನನ್ನದು, ಹೊಸದು. ನಮ್ಮ ತವರಿನಲ್ಲಿ ನೆಂಟರು ಬರುತ್ತಾರೆ ಎಂದರೆ ಒಡಕು ಗಡಿಗೆಯನ್ನು ಮೊದಲು ಎಸೆಯುತ್ತಿದ್ದರು. ಸಾಹೇಬರ ಮುಂದೆ ಇಂಥ ಗುಂಡು ಹಾಸುವುದೇ ಎನಿಸಿತು. ಸುಳ್ಳೇಕೆ ಹೇಳಲಿ, ಇನ್ನೊಂದೂ ಇತ್ತು. ಒಣ ಭೂಮಿ ಹೆಣ್ಣಿಗೂ ಗುಂಡು ಮಾಡಲು ಬರುತ್ತದೆ ಎಂದು ಆಕೆಯ ಮುಖಕ್ಕೆ ಹಿಡಿಯಬೇಕಿತ್ತು. ಮಣ್ಣು ತಂದು ಹತ್ತು ಹೊಸ ಗುಂಡು ಮಾಡಿ, ಹೆಬ್ಬಟ್ಟು ಒತ್ತಿ ಸುಟ್ಟೆ. ಹಳೆಯ ಹತ್ತನ್ನೂ ಕೊಯ್ದು, ಒಲೆಯಲ್ಲಿ ಬೆಂದ ಮಣ್ಣನ್ನು ತುಳಿಯಬಾರದೆಂದು ಹೊಳೆಯ ಮಡುವಿಗೆ ಎಸೆದೆ. ಬುಳುಕ್ ಬುಳುಕ್ ಎಂದು ಹೋದವು. ನನ್ನದು ಚೆನ್ನಾಗಿತ್ತು, ಅದನ್ನು ಉಳಿಸಿದೆ. ಹೊಸ ಹತ್ತನ್ನೂ ಕಟ್ಟಿ ಬಲೆ ಸುತ್ತಿ ಇಟ್ಟೆ. ಅತ್ತೆ ಸಂಜೆ ಬಂದು ಮೇಲಿನಿಂದ ನೋಡಿ, "ಹಾಂ, ಗಂಟು ಪರವಾಗಿಲ್ಲ" ಎಂದಳು. ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು.

ಮರುದಿನ ಸಾಹೇಬರು ಬಂದರು. ತೆಲುಗಿನವರು, ಒಳ್ಳೆಯ ಮನುಷ್ಯರಂತೆಯೇ ಕಂಡರು. ಧಣಿಯೂ ಬಂದಿದ್ದ.

"ಏಮಮ್ಮಾ, ನೀವು ಹಳಬರು ಅನ್ನಾಕ ಏನಿದೆ? ತಾಮ್ರದ ಪಟ, ಶಾಸನ, ಕಾಗದ?" ಎಂದು ಸಾಹೇಬರು ಕೇಳಿದರು.

"ಕುಂದ್ರಿ ಸಾಹೇಬ್ರ" ಎಂದಳು ಅತ್ತೆ. "ಹಂಪ್ಯಾಗ ರಾಜರು ಕಲ್ಲಾಗ ಬರಸ್ಯಾರ. ನಮ್ಮ ಮನಿ ಹೆಣ್ಮಕ್ಕಳು ಮಣ್ಣಾಗ ಬರದಾರ. ಈ ಮನಿಗೆ ಬಂದ ಸೊಸಿ ಒಬ್ಬೊಬ್ಬಾಕಿ ಹೆಬ್ಬಟ್ಟು ಒತ್ತಿ ಒಂದೊಂದು ಗುಂಡು ಕಟ್ಯಾಳ. ಬಲಿ ಹರಿತೈತಿ, ಹೊಸಾದು ಹೆಣಿತೀವಿ. ಗುಂಡು ಮಾತ್ರ ಅವ. ಹನ್ನೊಂದು ಅದಾವ. ಹನ್ನೊಂದು ಮಂದಿ ಅತ್ತಿ ಸೊಸಿ. ನೀವ ಎಣಿಸ್ರಿ."

ಆಗ ನನಗೆ ತಿಳಿಯಿತು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಅತ್ತೆ ಬಲೆ ಹಾಸಿ, ಸಾಹೇಬರ ಮುಖ ನೋಡುತ್ತಲೇ ಮೋಟು ಬೆರಳನ್ನು ಗುಂಡುಗಳ ಮೇಲೆ ಆಡಿಸಿದಳು. ಬೆರಳು ನಿಂತಿತು. ಮತ್ತೊಂದನ್ನು ಮುಟ್ಟಿತು, ಮತ್ತೊಂದನ್ನು. ಆಮೇಲೆ ಕೆಳಗೆ ನೋಡಿದಳು. ಹನ್ನೊಂದೂ ಕೆಂಪಗೆ, ಹನ್ನೊಂದರಲ್ಲೂ ಒಂದೇ ಹೆಬ್ಬಟ್ಟು.

ಧಣಿ ಗಹಗಹಿಸಿ ನಕ್ಕ. "ಸಾಹೇಬ್ರ, ಇವು ಮೊನ್ನಿ ಸುಟ್ಟವು. ಇನ್ನೂ ಬೂದಿ ಹತ್ತೇತಿ ನೋಡ್ರಿ!"

ನನ್ನ ಗಂಡ ಮುಂದೆ ಬಂದು, "ಇಲ್ರಿ, ಇವು ಹಳೇವ, ತಿಕ್ಕಿ ತೊಳದೀವಿ" ಎಂದ.

"ಸುಳ್ಳು ಬ್ಯಾಡಲೇ" ಎಂದು ಅತ್ತೆ ಅವನನ್ನು ತಡೆದಳು. "ಇವು ಹೊಸಾವು ರೀ. ಹಳೇವು ಹೋಗ್ಯಾವ."

"ಎಲ್ಲಿ ಹೋದವು?" ಎಂದರು ಸಾಹೇಬರು.

ಅತ್ತೆ ನನ್ನ ಕಡೆ ನೋಡಿದಳು. ನಾನು ಗುಡಿಸಲ ಕಂಬ ಹಿಡಿದು ನಿಂತಿದ್ದೆ.

"ಹೊಳ್ಯಾಗ ಬಿದ್ದುವು. ತೊಳ್ಯಾಕ ಒಯ್ದಿದ್ದೆ, ನನ್ನ ಕೈ ಜಾರಿತು" ಎಂದಳು.

"ಅರ್ಧ ಬೆರಳಿನಾಕಿ, ಕೈ ಜಾರದ ಇನ್ನೇನು!" ಎಂದ ಧಣಿ. ಅವನ ಜೊತೆ ಬಂದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಏನೋ ಬರೆದುಕೊಂಡು ಹೋದರು.

ಆ ಗುಂಡುಗಳು ಇದ್ದಿದ್ದರೂ ಸಾಹೇಬರು ಒಪ್ಪುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು. ಧಣಿಯ ಕೈಯಲ್ಲಿ ಕಾಗದವಿತ್ತು. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದರಿಂದ ಏನೂ ಹಗುರವಾಗಲಿಲ್ಲ.

ಅವರು ಹೋದ ಮೇಲೆ ಅತ್ತೆ ನನ್ನನ್ನು ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. "ಎಲ್ಲಿ ಒಗದಿ?" ಎಂದು ಒಂದೇ ಮಾತು ಕೇಳಿದಳು. ತೋರಿಸಿದೆ. ಹೊಳೆ ತುಂಬುವವರೆಗೆ ದಿನಾ ಮಧ್ಯಾಹ್ನ ಮಡುವಿನಲ್ಲಿ ಮುಳುಗಿ ಹುಡುಕಿದಳು. ಕಣ್ಣು ಕೆಂಪು ಮಾಡಿಕೊಂಡು ಬರಿಗೈಯಲ್ಲಿ ಬರುತ್ತಿದ್ದಳು. ಒಂದೂ ಸಿಗಲಿಲ್ಲ.

ಹೊಳೆ ತುಂಬಿ ಬಂತು. ಆಗ ಯಾರೂ ನೀರಿಗೆ ಇಳಿಯುವುದಿಲ್ಲ, ಬಲೆಯನ್ನು ಒಳಗೆ ತೂಗುಹಾಕಿ ರಿಪೇರಿ ಮಾಡುತ್ತಾರೆ. ಹೊಸ ಸೊಸೆಗೆ ಒಂದೊಂದು ಗುಂಡನ್ನು ಕೈಗೆ ಕೊಟ್ಟು, ಇದು ಯಾರದು ಎಂದು ಹೇಳುವುದು ಆ ಮಳೆಗಾಲದಲ್ಲೇ. ಒಂದು ಮಳೆಗಾಲ ಮೊದಲು ಮದುವೆಯಾಗಿದ್ದರೆ ನನಗೂ ತಿಳಿದಿರುತ್ತಿತ್ತು. ಒಂದು ದಿನ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಕೈ ಚಾಚು."

ಚಾಚಿದೆ. ಕೊಡಲು ಏನೂ ಇರಲಿಲ್ಲ. ನನ್ನ ಅಂಗೈ ನಡುವೆ ಮೋಟು ಬೆರಳು ಒತ್ತಿದಳು.

"ಇದು ಮೊದಲನೇದು. ಹೆಸರು ಯಾರಿಗೂ ಗೊತ್ತಿಲ್ಲ. ಎಡಗೈ ಬಳಸಾಕಿ, ಹೆಬ್ಬಟ್ಟು ಎಡಕ್ಕ ವಾಲಿತ್ತು." ಎತ್ತಿ ಮತ್ತೆ ಒತ್ತಿದಳು. "ಇದು ನಾಲ್ಕನೇದು. ಕೂಸು ಇದ್ದಾಗ ತಂದಿದ್ರು, ಅವರೆಕಾಳಿನಷ್ಟ ಬೆರಳು." ಮತ್ತೆ ಒತ್ತಿದಳು. "ಇದು ಏಳನೇದು. ಒಂದ ಗುಂಡಿನಾಗ ಎರಡು ಗುರುತು. ಇರಬೇಕೋ ತವರಿಗೆ ಓಡಬೇಕೋ ಅಂತ ಮನಸು ಹೊಯ್ದಾಡಿತ್ತೇನೋ." ಹತ್ತನೆಯದನ್ನು ಒತ್ತಿ ಬೆರಳು ಎತ್ತಲಿಲ್ಲ. "ಇದು ನಂದು. ಆಗ ನಂದು ಪೂರಾ ಬೆರಳಿತ್ತು."

ನಾನು ಅಳತೊಡಗಿದೆ.

"ಅಳಬ್ಯಾಡ, ನೆನಪಿಟ್ಕೊ. ಮೊದಲ ಹೇಳದ್ದು ನನ್ನ ತಪ್ಪು."

"ಇನ್ನೊಂದು ಮಾಡ್ರಿ ಅತ್ತಿ, ಮಣ್ಣು ತರ್ತೀನಿ" ಎಂದೆ.

"ಮನಿಗೆ ಒಂದ ಸಲ ಬರ್ತೀವಿ, ಒಂದ ಸಲ ಒತ್ತತೀವಿ. ಎರಡನೇ ಸಲ ಒತ್ತಂಗಿಲ್ಲ" ಎಂದು ಎದ್ದು ಹೋದಳು.

ಮಳೆಗಾಲ ಮುಗಿದ ಮೇಲೆ ನಮ್ಮನ್ನು ದಿಬ್ಬದಿಂದ ಎಬ್ಬಿಸಿದರು. ಹೊಳೆಯಿಂದ ದೂರ, ಬಂಡೆಗಳ ನಡುವೆ ಜಾಗ ತೋರಿಸಿದರು. ಹರಗೋಲನ್ನು ತಲೆಯ ಮೇಲೆ ಹೊತ್ತು ಗಂಡಸರು ದಿನಾ ಹೊಳೆಗೆ ನಡೆಯಬೇಕಾಯಿತು. ಕೆಲವರು ಬಲೆ ಬಿಟ್ಟು ಅದೇ ಧಣಿಯ ಕಬ್ಬಿಗೆ ಕೂಲಿ ಹೋದರು. ಹೆಂಗಸರು ಬಾವಿಯಲ್ಲಿ ಸೇದುವಾಗ ಅತ್ತೆ ಬಂದರೆ ಹಗ್ಗ ಬಿಡುತ್ತಿರಲಿಲ್ಲ. "ಮೋಟುಬೆರಳಿ ಊರು ಮುಳುಗಿಸಿದಳು" ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು. ಅತ್ತೆ ಕೊಡ ಹಿಡಿದು ನಿಂತಿರುತ್ತಿದ್ದಳು. ನಾನೂ ಪಕ್ಕದಲ್ಲೇ ನಿಂತಿರುತ್ತಿದ್ದೆ. ಬೆಳಿಗ್ಗೆ ಎದ್ದು ಆ ಬಾವಿ ನೀರನ್ನು ಬಾಯಿಗೆ ಹಾಕಿ ಚಪ್ಪರಿಸಿ, "ಈ ನೀರಿಗೆ ಊರಿಲ್ಲ" ಎಂದು ಉಗುಳುತ್ತಿದ್ದಳು.

ಹೀಗೆ ಒಂಬತ್ತು ವರ್ಷ. ನಾನು ಮೂರು ಹೆತ್ತೆ. ನನ್ನ ಗಂಡನೂ ಒಮ್ಮೆ ತಾಯಿಗೆ "ನಿನ್ನ ಕೈಯಿಂದನ ಹಿಂಗಾತು" ಎಂದ. ಅನ್ನ ಬಡಿಸುತ್ತಿದ್ದ ನಾನು ಸೌಟು ಕೆಳಗಿಡಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಆಡಿದರೆ ಬಾವಿಯ ಹಗ್ಗ ನನಗೆ ಸಿಗುವುದಿಲ್ಲ ಎಂದು ಗೊತ್ತಿತ್ತು.

ಒಂದು ಚಳಿಗಾಲ ಆಕೆಗೆ ಜ್ವರ ಬಂತು. ಐದನೇ ದಿನ ಬೆಳಿಗ್ಗೆ ಹೋದಳು. ಹೆಂಗಸರು ಹೆಣಕ್ಕೆ ನೀರು ಹಾಕಲು ಸೇರಿದರು. ಬೈದವರೇ ಬಂದರು, ಸಾವಿಗೆ ಬರದೆ ಇರಲಾಗುವುದಿಲ್ಲ. ನಾನು ಹೊಳೆಯವರೆಗೆ ಓಡಿ ಜೇಡಿಮಣ್ಣು ತಂದೆ. ಉಂಡೆ ಮಾಡಿ, ಆಕೆಯ ಬಲಗೈ ಎತ್ತಿ, ಮೋಟು ಬೆರಳನ್ನು ಅದರಲ್ಲಿ ಒತ್ತಿದೆ.

ಪಕ್ಕದ ಮನೆಯ ಮುದುಕಿ ನನ್ನ ರಟ್ಟೆ ಹಿಡಿದಳು. "ಏನು ಮಾಡ್ತೀಲೇ? ಎರಡನೇ ಸಲ ಒತ್ತಬಾರದು. ಆಕಿ ಒತ್ತಿದ್ದು ಆಗೇತಿ, ಆಕೀನ ಕಳಕೊಂಡಾಳ."

"ಆಕಿ ಕಳಕೊಂಡಿಲ್ಲ" ಎಂದೆ. "ಹತ್ತೂ ಕೊಯ್ದು ಮಡುವಿಗೆ ಒಗದಾಕಿ ನಾನು. ಚಂದ ಕಾಣ್ಲಿ ಅಂತ ಒಗದೆ. ಆಕಿ ನನ್ನ ಹೆಸರು ಹೇಳ್ಲಿಲ್ಲ."

ಮುದುಕಿ ನನ್ನ ಕೆನ್ನೆಗೆ ಒಂದು ಬಿಟ್ಟಳು, ಕಿವಿ ಗುಂಯ್ ಎಂದಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು ಕಂಡೆ. ಅವನು ತಿರುಗಿ ಹೊರಗೆ ಹೋದ. ಎಷ್ಟೋ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಬಾವಿಯ ಹಗ್ಗವೂ ಸಿಗಲಿಲ್ಲ. ಸಿಗಬಾರದಾಗಿತ್ತು, ಸಿಗಲಿಲ್ಲ.

ಆ ಗುಂಡನ್ನು ನಾನೇ ಸುಟ್ಟೆ. ಊರ ಬಲೆಗೆ ಕಟ್ಟಿ, ನಾನು ಮಾಡಿದ ಹತ್ತನ್ನೂ ಬಿಚ್ಚಿದೆ. ಈಗ ಆ ಬಲೆ ಇಲ್ಲ, ನೀರಿಗೆ ಇಳಿಯುವವರೂ ಇಲ್ಲ. ಎರಡು ಗುಂಡು ನನ್ನ ಹತ್ತಿರವಿವೆ, ಒಂದು ಆಕೆಯದು, ಒಂದು ನನ್ನದು. ನನ್ನ ಸೊಸೆಯಂದಿರು ಒತ್ತಲಿಲ್ಲ, ಒತ್ತಿರೆಂದು ನಾನೂ ಹೇಳಲಿಲ್ಲ. ಆದರೆ ಹತ್ತು ಮಂದಿ ಯಾರ್ಯಾರು ಎಂದು ಅವರ ಅಂಗೈಯಲ್ಲಿ ಒತ್ತಿ ಹೇಳಿದ್ದೇನೆ, ಹನ್ನೊಂದನೆಯವಳು ಏನು ಮಾಡಿದಳು ಎಂಬುದನ್ನೂ ಹೇಳಿದ್ದೇನೆ. ಅತ್ತೆಯ ಗುಂಡಿನ ಗುಳಿಯಲ್ಲಿ ಆಗಾಗ ನನ್ನ ಹೆಬ್ಬೆರಳು ಇಟ್ಟು ನೋಡುತ್ತೇನೆ. ಅದು ಮೋಟು ಬೆರಳಿನ ಗುಳಿ. ನನ್ನ ಬೆರಳು ಅದರಲ್ಲಿ ಕೂರುವುದಿಲ್ಲ.