ಪೀಪಾಯಿ ಏರಿದವನ ಬಟ್ಟಲಲ್ಲಿ ಏನಿತ್ತು

ರೈಲಿನಲ್ಲಿ ಚಿತ್ರದ ಗಾಜು ಒಡೆಯಬಹುದಿತ್ತು. ಬೆಡ್‌ಶೀಟಿನಲ್ಲಿ ಸುತ್ತಿದ್ದರಿಂದ ಯಾರಾದರೂ ಹಾಸಿಗೆ ಎಂದುಕೊಂಡು ಅದರ ಮೇಲೆ ಕೂರಬಹುದಿತ್ತು. ಪೊಲೀಸರು ಯಾವ ಬಂಗಲೆಯಿಂದ ಎಗರಿಸಿದ್ದು ಎಂದು ಕೇಳಬಹುದಿತ್ತು. ಎಲ್ಲಕ್ಕಿಂತ ಭಯದ್ದೆಂದರೆ, ವಿಜಯವಾಡದಲ್ಲಿ ಗೊತ್ತುಮಾಡಿದ್ದ ಬಾಡಿಗೆ ಮನೆಯ ಮಾಲೀಕರು ಚಿತ್ರ ನೋಡಿ ಬೀಗದ ಕೈ ಕೊಡದೇ ಇರಬಹುದಿತ್ತು. ಕುಡಿಯುವವರಿಗೆ ಮನೆ ಇಲ್ಲ ಎನ್ನುವುದು ಅವರ ಒಂದೇ ಷರತ್ತು. ಬ್ಯಾಂಕಿನ ವರ್ಗಾವಣೆ, ಸಾಮಾನೆಲ್ಲ ಆಗಲೇ ಲಾರಿ ಹತ್ತಿತ್ತು, ಬೇರೆ ಮನೆ ನೋಡಿರಲಿಲ್ಲ.

ಆಂಧ್ರ ಇನ್ನೂ ಎರಡಾಗಿರದ ದಿನಗಳು. ವಿಶಾಖಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಮನಸೋತು ಕೊಂಡ ರೇಖಾಚಿತ್ರ ಅದು. ಮೇಲೆ ಎರಡು ಸಿಂಹಗಳು ಎತ್ತಿಹಿಡಿದ ಗುರಾಣಿ, ಅದರ ತುಂಬ ದ್ರಾಕ್ಷಿ ಗೊಂಚಲು; ಯುರೋಪಿನ ಯಾವುದೋ ಮನೆತನದ ಲಾಂಛನವಂತೆ. ಕೆಳಗೆ ಪೀಪಾಯಿ ಏರಿ ಕೂತು ಬಟ್ಟಲೆತ್ತಿದ ಡೊಳ್ಳುಹೊಟ್ಟೆಯವನು, ಪಕ್ಕದಲ್ಲಿ ಲಗಾಮು ಹಿಡಿದು ನಿಂತ ಹೆಂಗಸು. ಅವನು ಭೋಗ, ಅವಳು ಸಂಯಮ ಎಂದು ಅಂಗಡಿಯವನು ಬಿಡಿಸಿ ಹೇಳಿದ್ದ.

"ಪಾಪ, ಅವಳ ಮುಖ ನೋಡ್ರೀ, ಎಷ್ಟು ಸುಸ್ತಾಗಿದೆ! ನಿಮ್ಮಂಥವ್ರನ್ನ ಕಟ್ಕೊಂಡಿರ್ಬೇಕು," ಎಂದಿದ್ದಳು ನನ್ನ ಹೆಂಡತಿ.

ಗವರ್ನರ್‌ಪೇಟೆಯ ಆ ಮನೆಗೆ ಚಿತ್ರ ಒಂದು ಗೀರೂ ಬೀಳದೆ ತಲುಪಿತು. ಬೆಡ್‌ಶೀಟು ಜಾರಿದ್ದು ಮಾತ್ರ ಸರಿಯಾಗಿ ಮಾಲೀಕರ ಎದುರಿಗೆ. ಅವರು ಸಿಂಹಗಳನ್ನು ಮೆಚ್ಚಿ, ಬಟ್ಟಲಿನ ಮೇಲೆ ಬೆರಳಿಟ್ಟರು. "ಇಂದುಲೋ ಏಮುಂದಂಡಿ?" ಇದರಲ್ಲೇನಿದೆ?

ಔಷಧಿ ಎಂದುಬಿಟ್ಟರೆ ಬಚಾವು ಅನ್ನಿಸಿತು. ನಮ್ಮ ಮದ್ದಿಗೆ ತೆಲುಗಿನಲ್ಲಿ ಮಂದು, ಅಷ್ಟು ಬರುತ್ತಿತ್ತು. "ಮಂದು ಅಂಡಿ," ಎಂದೆ. ಹೆಂಡಕ್ಕೂ ಅವರು ಮಂದು ಎಂದೇ ಅನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅವರ ಮುಖ ಗಂಟಿಕ್ಕಿತು. "ಮೀರು ಕೂಡಾನಾ?" ನೀವೂನಾ?

ನನ್ನ ಬಿ.ಪಿ. ಮಾತ್ರೆಯ ವಿಷಯ ಎಂದುಕೊಂಡು ಗಟ್ಟಿಯಾಗಿ ಹೇಳಿದೆ: "ರೋಜೂ ಅಂಡಿ! ಉದಯಂ, ರಾತ್ರಿ. ಮಂದು ಲೇಕಪೋತೇ ತಲ ತಿರುಗುತುಂದಿ!" ದಿನಾ ಬೆಳಿಗ್ಗೆ, ರಾತ್ರಿ, ಇಲ್ಲದಿದ್ದರೆ ತಲೆ ತಿರುಗುತ್ತದೆ.

ನನ್ನತ್ತ ಚಾಚಿದ್ದ ಬೀಗದ ಕೈ ಅವರ ಜೇಬಿಗೆ ವಾಪಸಾಯಿತು.

"ಅಯ್ಯೋ, ಬಾಯಿ ಮುಚ್ಕೊಂಡಿರ್ರೀ!" ಹೆಂಡತಿ ಚೀಲದಿಂದ ಮಾತ್ರೆಗಳನ್ನು ತೆಗೆದು ಅವರ ಮುಂದೆ ಹಿಡಿದಳು. "ಈ ಮಂದು ಅಂಡಿ, ಬಿ.ಪಿ.ದಿ!"

ಮಾಲೀಕರು ಮಾತ್ರೆ ನೋಡಿದರು, ನನ್ನನ್ನು ನೋಡಿದರು, ಗೋಡೆ ಹಿಡಿದುಕೊಂಡು ನಕ್ಕರು. ಬೀಗದ ಕೈ ಕೊಟ್ಟರು. ಚಿತ್ರಕ್ಕೆ ಮೊಳೆಯನ್ನೂ ಅವರೇ ಹೊಡೆದುಕೊಟ್ಟರು.

ಎದುರುಮನೆಯ ಅಮ್ಮನವರಿಗೆ ಮಾತ್ರ ನಾನು ಗಟ್ಟಿಯಾಗಿ ಹೇಳಿದ್ದಷ್ಟೇ ಕೇಳಿಸಿತ್ತು. ನಾವು ಆ ಊರಿನಲ್ಲಿ ಇದ್ದಷ್ಟು ಕಾಲವೂ ಅವರ ಮನೆಯಲ್ಲಿ ನನ್ನ ಹೆಂಡತಿಗೆ ಕಾಫಿ. ನನಗೆ, ಅಮಲು ಇಳಿಯಲೆಂದು, ನಿಂಬೆಹಣ್ಣು ಹಿಂಡಿದ ಮಜ್ಜಿಗೆ.