ಭಾವ ಕೊಟ್ಟುಬಿಟ್ಟ ಆಟ

ಭಾವನ ಹೆಬ್ಬೆರಳುಗಳು ಎಂದೂ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕುಳಿತು ಬಂಗಡೆಯ ಮುಳ್ಳು ಬಿಡಿಸುವಾಗಲೂ ಎಡಗೈಯ ಹೆಬ್ಬೆರಳು ತಟ್ಟೆಯ ಅಂಚಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಜಾರುತ್ತಿತ್ತು. ಎರಡೂ ಬೆರಳು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, ತುದಿ ಚಪ್ಪಟೆಯಾಗಿದ್ದವು. ಅಕ್ಕನನ್ನು ನೋಡಲು ಅವರು ಬೆಳಂಬಾರದ ನಮ್ಮ ಮನೆಗೆ ಮೊದಲ ಸಲ ಬಂದ ದಿನ ಅಮ್ಮ ಒಳಗೆ ಬಂದು ಪಿಸುಗುಟ್ಟಿದ್ದಳು: "ಹುಡ್ಗ ಚಲೋ ಅವ್ನೆ. ಆದ್ರೆ ಬೆರಳಿಗೆ ಎಂತಾ ಆಗದೆ ಹೇಳಿ ಕೇಳೂದು ಹೆಂಗೆ?"

ಏನೂ ಆಗಿರಲಿಲ್ಲ. ಚಿಕ್ಕಂದಿನಿಂದ ವಿಡಿಯೊ ಗೇಮ್ ಆಡಿ ಆಡಿ ಹಾಗಾಗಿದ್ದವು.

ಅವರ ಮನೆ ಕಾರವಾರದ ಹಬ್ಬುವಾಡದಲ್ಲಿ, ಮನೆಮಾತು ಕೊಂಕಣಿ. ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಅವರ ಕಡೆಯ ರೂಢಿಯಂತೆ 'ಬಾಯ' ಎನ್ನುತ್ತಿದ್ದರು. ನಾನು ಆಗ ಅಂಕೋಲೆಯಲ್ಲಿ ಡಿಗ್ರಿ ಓದುತ್ತಿದ್ದೆ. ರಜೆಗೆ ಅಕ್ಕನ ಮನೆಗೆ ಹೋದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಭಾವ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು, "ಬಾಯ, ಇದೊಂದು ನೋಡು" ಎಂದು ಕರೆಯುತ್ತಿದ್ದರು.

ಊರೆಲ್ಲ ಆಡುವ ಆಟಗಳು ಅವರಿಗೆ ಬೇಡ. ಬಂದ ವರ್ಷವೇ ಜನ ಮರೆತುಬಿಟ್ಟವು, ಯಾರೂ ಕೊಳ್ಳದೆ ಉಳಿದವು, ಮಾಡಿದವರೇ ಕೈಬಿಟ್ಟವು, ಅಂಥವನ್ನೇ ಎಲ್ಲೆಲ್ಲಿಂದಲೋ ಹುಡುಕಿ ತರುತ್ತಿದ್ದರು. ಒಂದರಲ್ಲಿ ಮುದುಕಿಯೊಬ್ಬಳು ಸಂತೆಯಿಂದ ಮನೆಗೆ ಮರಳಬೇಕು. ಅವಳಿಗೆ ಮರೆವು, ಆಡುತ್ತ ಹೋದಂತೆ ಬೀದಿಗಳ ಹೆಸರು ಅಳಿಸಿಹೋಗುತ್ತಿದ್ದವು. ಅಕ್ಕ ಅದನ್ನು ಆಡಿ, ಒಲೆಯ ಮೇಲೆ ಅನ್ನ ಸೀದರೂ ಏಳದೆ, ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಇಷ್ಟು ಚೆಂದದ ಆಟ ಯಾರಿಗೂ ಯಾಕೆ ಗೊತ್ತಿಲ್ಲ ಎಂದು ಕೇಳಿದರೆ ಭಾವ ನಿಜವಾಗಿಯೂ ನೊಂದುಕೊಳ್ಳುತ್ತಿದ್ದರು.

"ಯಾರೂ ಆಡಲಿಲ್ಲ ಅಂದ್ರೆ ಕೆಟ್ಟ ಆಟ ಅಂತಲ್ಲ, ಬಾಯ. ಅಂಗಡಿಯಲ್ಲಿ ಹಿಂದಿನ ಸಾಲಿನಲ್ಲಿ ಇಟ್ಟಿದ್ರು, ಅಷ್ಟೇ."

ಅಂಥ ಮನುಷ್ಯ ತಾನೂ ಒಂದು ಆಟ ಮಾಡಿದರು. ಹೆಸರು 'ಅಳಿವೆ'. ಹೊಳೆ ಕಡಲಿಗೆ ಸೇರುವ ಜಾಗಕ್ಕೆ ನಮ್ಮ ಕಡೆ ಅಳಿವೆ ಎನ್ನುತ್ತೇವೆ. ಅಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ, ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ಕಡಲಿನಿಂದ ಬರುವ ದೋಣಿ ಸರಿಯಾದ ತೆರೆಗೆ ಕಾದು, ಅದರ ಬೆನ್ನು ಹಿಡಿದೇ ಒಳಗೆ ಬರಬೇಕು. ಅವಸರ ಮಾಡಿದರೆ ಮಗುಚುತ್ತದೆ. ಆಟದಲ್ಲಿ ಇರುವುದೂ ಅಷ್ಟೇ. ವೈರಿಗಳಿಲ್ಲ, ಬಂದೂಕಿಲ್ಲ, ಅಂಕಗಳೂ ಇಲ್ಲ. ಒಂದು ದೋಣಿ, ತೆರೆ, ಮತ್ತು ಹಿಂದಿನಿಂದ ದಾರಿ ಹೇಳುವ ಒಂದು ದನಿ.

ಆ ದನಿ ನನ್ನ ಅಪ್ಪನದು.

ಅಪ್ಪ ಬದುಕಿಡೀ ಮೀನುಗಾರಿಕೆ ಮಾಡಿದವನು. ಹರೆಯದಲ್ಲಿ ಕೆಲವು ವರ್ಷ ದೇವಬಾಗದ ಕಡೆಯ ದೋಣಿಯಲ್ಲಿ ದುಡಿದಿದ್ದ, ಕಾಳಿ ಹೊಳೆಯ ಅಳಿವೆ ಅವನಿಗೆ ಗೊತ್ತಿತ್ತು. ಭಾವ ಅವನನ್ನು ಹಬ್ಬುವಾಡದ ಮನೆಯಲ್ಲಿ ಕೂರಿಸಿ, ಮುಂದೆ ಮೈಕು ಹಿಡಿದು ಮಾತಾಡಿ ಎಂದರು.

"ಮನೆ ಒಳ್ಗೆ ಕುಂತ್ಕಂಡು 'ತಡಿ' ಅಂದ್ರೆ ಯಾರಿಗೆ ಹೇಳೂದು? ಗೋಡೆಗಾ?" ಎಂದು ಅಪ್ಪ ನಕ್ಕ.

ಸರಿ, ಇಬ್ಬರೂ ದೇವಬಾಗಕ್ಕೆ ಹೋದರು. ಗುರುತಿನವರ ಸಣ್ಣ ದೋಣಿ ತೆಗೆದುಕೊಂಡು ಅಳಿವೆಗೆ ಇಳಿದರು. ಅಪ್ಪನ ಅಂಗಿಯೊಳಗೆ ಮೈಕು, ಸೊಂಟದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು. ಚುಕ್ಕಾಣಿ ಭಾವನ ಕೈಯಲ್ಲಿ. ಅದುವರೆಗೆ ದೋಣಿ ನಡೆಸಿದವರೇ ಅಲ್ಲ. ಅಕ್ಕ ಮತ್ತು ನಾನು ದಂಡೆಯ ಗಾಳಿಮರದ ಕೆಳಗೆ ನಿಂತು ನೋಡುತ್ತಿದ್ದೆವು. ಒಂದು ತೆರೆಗೆ ದೋಣಿ ವಾಲಿತು, ಭಾವ ನೀರಿಗೆ ಬಿದ್ದರು. ಕೈಯಲ್ಲಿ ಮಾತ್ರ ದೋಣಿಯ ಹಗ್ಗ ಹಿಡಿದೇ ಇದ್ದರು, ಅದನ್ನು ಉಳಿಸಬೇಕೆಂಬ ಹಟದಲ್ಲಿ. ಆಗ ಅಪ್ಪ ಕೂಗಿದ್ದು ನಮಗೂ ಕೇಳಿಸಿತು.

"ದೋಣಿ ಹೋದ್ರೆ ಹೋಗ್ಲಿ! ಇನ್ನೊಂದು ಮಾಡೂಕಾಗ್ತದೆ! ನೀ ಬಾ ಮೊದ್ಲು, ಬಾ!"

ದೋಣಿಯೂ ಹೋಗಲಿಲ್ಲ, ಭಾವನೂ ಹೋಗಲಿಲ್ಲ. ದಡಕ್ಕೆ ಬಂದು ಒದ್ದೆ ಮೈಯಲ್ಲೇ ಫೋನು ಕಿವಿಗಿಟ್ಟು ಕೇಳಿ ಚಿಕ್ಕ ಹುಡುಗನಂತೆ ಕುಣಿದಾಡಿದರು. ಅಳಿಯನೆಂದು ಅಪ್ಪ ಅವರನ್ನು ಯಾವಾಗಲೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ. "ಮಾವ ನಂಗೆ 'ನೀ' ಅಂದದ್ದು ಇದೇ ಮೊದಲು" ಎಂದು ಎಷ್ಟು ಜನರ ಮುಂದೆ ಹೇಳಿಕೊಂಡರೋ. ಆಟದಲ್ಲಿ ನಮ್ಮ ದೋಣಿ ಮಗುಚಿದಾಗಲೆಲ್ಲ ಕೇಳಿಸುತ್ತಿದ್ದದ್ದು ಆ ಕೂಗೇ. ಸೋತವರನ್ನು ಹೀಗೆ ದಡಕ್ಕೆ ಕರೆಯುವ ಆಟವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

'ಅಳಿವೆ'ಯನ್ನು ಫೋನಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಹಾಕಿದರು. ಬಹಳ ಜನ ಬರಲಿಲ್ಲ. "ಇದರಲ್ಲಿ ಗೆದ್ದರೆ ಏನು ಸಿಗುತ್ತದೆ?" ಎಂದು ಒಬ್ಬ ಬರೆದ. "ನಿಧಾನ" ಎಂದು ಇನ್ನೊಬ್ಬ. ಎಲ್ಲೋ ದೂರದಲ್ಲಿ ಹಡಗಿನ ಕೆಲಸದಲ್ಲಿದ್ದ ನಮ್ಮ ಕಡೆಯವನೊಬ್ಬ ಮಾತ್ರ, ಊಟದ ಬಿಡುವಿನಲ್ಲಿ ದಿನಾ ಆಡುತ್ತೇನೆ, ಊರ ಮಾತು ಕಿವಿಗೆ ಬೀಳುತ್ತದೆ ಎಂದು ಬರೆದಿದ್ದ. ಭಾವ ಅದನ್ನು ಅಪ್ಪನಿಗೆ ಓದಿ ಹೇಳಿದರು. ಅಪ್ಪ ನಾಚಿಕೊಂಡು ಎದ್ದು ಹೋದ.

ಎರಡು ಮಳೆಗಾಲ ಕಳೆದ ಮೇಲೆ ಅಪ್ಪ ತೀರಿಕೊಂಡ. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅಕ್ಕನ ಮದುವೆಯ ವಿಡಿಯೊದಲ್ಲಿ ಇದ್ದಾನೆ, ಆದರೆ ಅದರ ತುಂಬ ವಾಲಗ ಮತ್ತು ಸಿನಿಮಾ ಹಾಡು. ಅವನ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಹಾಗಾಗಿ ಬೇಕೆನಿಸಿದಾಗಲೆಲ್ಲ ನಾನು 'ಅಳಿವೆ' ತೆರೆದು, ಬೇಕೆಂದೇ ದೋಣಿ ಮಗುಚಿಸುತ್ತಿದ್ದೆ. ಅಮ್ಮ ಅಡಿಗೆಮನೆಯಿಂದಲೇ ಕಿವಿಗೊಡುತ್ತಿದ್ದಳು. ಇದಕ್ಕೆ ಭಾವನಿಗೆ ಎಷ್ಟು ಋಣಿ ಎಂದು ಹೇಳಲು ನನಗೆ ಮಾತು ಸಾಲದು. ಅಪ್ಪನನ್ನು ಕೂರಿಸಿ ಮಾತಾಡಿಸಬೇಕೆಂದು ಹೆತ್ತ ಮಕ್ಕಳಾದ ನಮಗೆ ಹೊಳೆದಿರಲಿಲ್ಲ, ಅಳಿಯನಿಗೆ ಹೊಳೆದಿತ್ತು.

ಮುಂದೆ ನನಗೆ ಕಾರವಾರದಲ್ಲೇ ಕೆಲಸ ಸಿಕ್ಕಿತು, ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಫೋನು ಕೆಟ್ಟು ಹೊಸದು ಕೊಂಡಿದ್ದೆ. ಆಟವನ್ನು ಅದಕ್ಕೆ ಇನ್ನೂ ಇಳಿಸಿಕೊಂಡಿರಲಿಲ್ಲ. ಒಂದು ಸಂಜೆ ಬಸ್ಸು ಅಮದಳ್ಳಿ ದಾಟಿತ್ತು. ನನ್ನ ಹಿಂದಿನ ಸೀಟಿನಿಂದ ಅಪ್ಪ ಕರೆದ.

"ಬಾ! ಬಾ! ಬಾ!"

ನಾನು ತಿರುಗಿ ನೋಡಿದೆ. ಕಾಲೇಜಿನ ಹುಡುಗಿಯೊಬ್ಬಳು ಫೋನು ಹಿಡಿದು ಕೂತಿದ್ದಳು. ಪರದೆಯ ಮೇಲೆ ನಗುಮುಖದ ದೋಣಿ, ತೆರೆಯ ತುಂಬ ಬಂಗಾರದ ನಾಣ್ಯ. ಒಂದೊಂದು ನಾಣ್ಯಕ್ಕೂ ಅಪ್ಪ "ಬಾ" ಎನ್ನುತ್ತಿದ್ದ. ಅವನ ದನಿಯನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಗಿಣಿ ಮಾತಾಡಿದಂತೆ ಮಾಡಿದ್ದರು. ನಡುವೆ ಸೋಪಿನ ಜಾಹೀರಾತು ಬಂತು. ಅದು ಮುಗಿದದ್ದೇ ಮತ್ತೆ "ಬಾ! ಬಾ!"

"ಇದ್ಯಾವ ಆಟ, ತಂಗಿ?" ಎಂದು ಕೇಳಿದೆ.

"ಹೊಸ್ದು, ಅಕ್ಕಾ. ಭಾರಿ ಕಾಮಿಡಿ ಅದೆ. ಈ ಅಜ್ಜ ಕೂಗೂದು ಕೇಳಿ!"

ಅವರ್ಸಾದಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ವಾಪಸ್ಸು ಕಾರವಾರಕ್ಕೆ ಹೋದೆ. ಭಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿದ್ದೇ ಅವರಿಗೆ ಗೊತ್ತಾಯಿತು. ಪೇಪರನ್ನು ಮಡಚಿ ಬದಿಗಿಟ್ಟರು.

"ಕೇಳಿದ್ಯಾ, ಬಾಯ?"

"ಮಾರಿಬಿಟ್ರಾ, ಭಾವ?"

"ಮಾರಿದ್ದಲ್ಲ. ಕೊಟ್ಟೆ. ಒಂದು ಗೇಮ್ ಕಂಪನಿಯವ್ರು ಕೇಳಿದ್ರು, ಲಕ್ಷ ಜನರ ಹತ್ರ ಮುಟ್ಟಿಸ್ತೇವೆ ಅಂದ್ರು. ಚೂರು ಬಣ್ಣ ಹಾಕ್ತೇವೆ, ಬಾಕಿ ಎಲ್ಲ ಹಾಗೇ ಇರ್ತದೆ ಅಂದ್ರು." ಅವರ ಹೆಬ್ಬೆರಳು ಪೇಪರಿನ ಅಂಚಿನ ಮೇಲೆ ಜಾರುತ್ತಿತ್ತು. "ಯಾರಾದ್ರೂ ಆಡ್ಲಿ ಅಂತ ಆಸೆ ಆಯ್ತು."

"ಅಪ್ಪನ ದನಿ ಕೊಡುವಾಗ ನಮ್ಮನ್ನ ಒಂದು ಮಾತು ಕೇಳೂದಲ್ವಾ?"

ಒಳಗಿನಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಎಂತಾ ಕೊಟ್ರಿ, ಯಾರಿಗೆ ಕೊಟ್ರಿ ಎಂದು ಅವಳು ಕೇಳಿದಾಗಲೇ ನನಗೆ ತಿಳಿದದ್ದು, ಅವಳಿಗೂ ಹೇಳಿರಲಿಲ್ಲವೆಂದು. ಸಿಕ್ಕಿದ ದುಡ್ಡೂ ಏನೂ ಹೆಚ್ಚಲ್ಲ. ದುಡ್ಡಿಗಾಗಿ ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತೇನೋ.

ಹಳೆಯ ಆಟವನ್ನಾದರೂ ನನ್ನ ಫೋನಿಗೆ ಹಾಕಿಕೊಡಿ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಒಪ್ಪಂದದಲ್ಲಿ, ಎಲ್ಲವನ್ನೂ ಒಪ್ಪಿಸಿ, ಜನ ಇಳಿಸಿಕೊಳ್ಳುವ ಜಾಗದಿಂದ ಹಳೆಯ ಆಟವನ್ನು ತೆಗೆದು, ತಮ್ಮ ಬಳಿ ಇದ್ದದ್ದನ್ನೂ ಅಳಿಸಬೇಕೆಂದು ಇತ್ತಂತೆ. ಅಳಿಸಿದ್ದರು. ಅಪ್ಪನ ಅಂದಿನ ರೆಕಾರ್ಡಿಂಗ್ ಕೂಡ.

"ಯಾರು ಬಂದು ನೋಡ್ತಿದ್ರು, ಭಾವ? ಒಂದು ಇಟ್ಕೊಂಡಿದ್ರೆ ಎಂತಾ ಆಗ್ತಿತ್ತು?"

"ಮಾತು ಕೊಟ್ಟಿದ್ದೆನಲ್ಲ, ಬಾಯ."

ಆ ಒಂದು ಮಾತು ನನ್ನನ್ನು ಇಂದಿಗೂ ಸುಡುತ್ತದೆ. ಭಾವ ಎಂದೂ ಸುಳ್ಳು ಹೇಳಿದವರಲ್ಲ, ಆಡಿದ ಮಾತು ತಪ್ಪಿದವರಲ್ಲ. ಊರಲ್ಲಿ ಅದಕ್ಕೇ ಅವರಿಗೆ ಹೆಸರು. ಆ ಗುಣವನ್ನು ಅವರು ಯಾರೋ ಗುರುತಿಲ್ಲದವರಿಗೆ ತೋರಿಸಿದರು. ಅಪ್ಪನ ಹೆಣ್ಣುಮಕ್ಕಳು ನಾವಿಬ್ಬರೂ ಹೊರಗೆ ಉಳಿದೆವು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮರೆತುಹೋದ ಆಟಗಳನ್ನು ಕಣ್ಣಿಗೊತ್ತಿಕೊಂಡು ಕಾಯುತ್ತಿದ್ದ ಮನುಷ್ಯ ತನ್ನದನ್ನೇ ಕೊಟ್ಟುಬಿಟ್ಟರು.

ಅವರೂ ಮೋಸಹೋಗಿದ್ದರು, ನಿಜ. ದನಿಯನ್ನಾದರೂ ತೆಗೆಯಿರಿ ಎಂದು ಆ ಕಂಪನಿಗೆ ಮತ್ತೆ ಮತ್ತೆ ಬರೆದರಂತೆ. ಜನರಿಗೆ ಹಿಡಿಸಿದ್ದೇ ಅದು, ತೆಗೆಯಲಾಗದು ಎಂದರಂತೆ. ಆಮೇಲೆ ಉತ್ತರವೇ ಇಲ್ಲ. ಜನ ಸ್ವಲ್ಪ ಕಾಲ ನಕ್ಕರು, ಆಡಿದರು, ಬಿಟ್ಟರು. ಮುಂದಿನ ವರ್ಷ ಕಂಪನಿ ಅದನ್ನೂ ನಿಲ್ಲಿಸಿತು. ಗಿಣಿಯ ದನಿಯೂ ಹೋಯಿತು.

ನಾನು ಹಬ್ಬುವಾಡಕ್ಕೆ ಹೋಗುವುದನ್ನು ಬಿಟ್ಟೆ. ಅಕ್ಕನೇ ಬೆಳಂಬಾರಕ್ಕೆ ಬಂದು ಹೋಗುತ್ತಿದ್ದಳು. ಭಾವನ ವಿಷಯ ನಾವು ಎತ್ತುತ್ತಿರಲಿಲ್ಲ. ಅವರ ಮೂತ್ರಪಿಂಡ ಕೆಟ್ಟು, ವಾರವಾರ ಡಯಾಲಿಸಿಸ್ ಶುರುವಾದಾಗ ಮಾತ್ರ ಹೋದೆ. ಸೊರಗಿದ್ದರು. ಆದರೂ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. 'ಅಳಿವೆ'ಯನ್ನು ಮೊದಲಿನಿಂದ ಮತ್ತೆ ಕಟ್ಟುತ್ತಿದ್ದರು. ತೆರೆಗಳು ಬಂದಿದ್ದವು, ದಿಬ್ಬಗಳು ಬಂದಿದ್ದವು. ಒಪ್ಪಂದಕ್ಕೆ ವಿರುದ್ಧವಲ್ಲವೇ ಎಂದು ನಾನು ಕುಟುಕಿದೆ.

"ಇದು ಯಾರಿಗೂ ಕೊಡೂದಕ್ಕಲ್ಲ. ಮನೆಯವರಿಗೆ" ಎಂದರು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ಇದಕ್ಕೆ ನೀನು ದನಿ ಕೊಡ್ತೀಯಾ, ಬಾಯ? ನಿನ್ನ ದನಿಯಲ್ಲಿ ಮಾವನ ಎಳೆ ಅದೆ. ಅವರು ಕೂಗಿದ ಹಾಗೇ ಹೇಳಿದ್ರೆ ಸಾಕು" ಎಂದರು.

"ಇಲ್ಲ, ಭಾವ" ಎಂದೆ.

ಅವರು ಒತ್ತಾಯಿಸಲಿಲ್ಲ. ಹೌದು ಎನ್ನಬಹುದಿತ್ತು ಎಂದು ಕೆಲವರು ಹೇಳಿಯಾರು. ನನಗೆ ಹಾಗೆ ಅನಿಸುವುದಿಲ್ಲ. ಅಪ್ಪ ಆ ಮಾತನ್ನು ನೀರಿಗೆ ಬಿದ್ದ ಅಳಿಯನಿಗೆ ಹೇಳಿದ್ದ, ಜೀವ ಬಾಯಿಗೆ ಬಂದು ಕೂಗಿದ್ದ. ನಾನು ಕೋಣೆಯಲ್ಲಿ ಕೂತು ಅದನ್ನು ನಟಿಸಿದರೆ ಯಾರಿಗೂ ಏನೂ ಮರಳಿ ಬರುತ್ತಿರಲಿಲ್ಲ. ಭಾವನಿಗೂ ಅದು ಗೊತ್ತಿತ್ತೆಂದೇ ನನ್ನ ನಂಬಿಕೆ. ಅಂದು ಹೊರಡುವಾಗ ಗೇಟಿನವರೆಗೂ ಬಂದು, "ಬಸ್ಸಿಗೆ ಸೀಟು ಸಿಕ್ತದಾ ಈಗ?" ಎಂದು ಕೇಳಿದರು. ನಮ್ಮಿಬ್ಬರ ಕೊನೆಯ ಮಾತು ಅದು.

ಅವರು ಹೋದದ್ದು ಈ ವರ್ಷ, ಗಣೇಶ ಚೌತಿಗೆ ಸ್ವಲ್ಪ ಮೊದಲು. ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಕ್ಕ ಮತ್ತು ನಾನು ಹಿತ್ತಿಲಿನ ಕಟ್ಟೆಯ ಮೇಲೆ ಪಾತ್ರೆಗಳ ನಡುವೆ ಕೂತಿದ್ದೆವು. ಅವಳು ಸೌಟೊಂದನ್ನು ತಿಕ್ಕುತ್ತ ನನ್ನನ್ನು ನೋಡದೆಯೇ ಕೇಳಿದಳು.

"ಅವರ ಮೇಲಿನ ಸಿಟ್ಟು ಹೋಯ್ತಾ ನಿಂದು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ, ಅಕ್ಕಾ" ಎಂದೆ.

"ನಂದೂ ಹೋಗ್ಲಿಲ್ಲ" ಎಂದಳು ಅಕ್ಕ. ಸೌಟನ್ನು ನೀರಿನಲ್ಲಿ ಅದ್ದಿ ತೆಗೆದಳು. "ಇದ್ದಿದ್ರೆ ಜಗಳಾಡೂಕಾದ್ರೂ ಆಗ್ತಿತ್ತು. ಈಗ ಯಾರ ಹತ್ರ ಆಡೂದು ಹೇಳು?"